ಗುರುತು ಕಂಡರೆ ಸಾಲದು, ಪಕ್ಕದ ನಂಬರೂ ಓದಬೇಕು

"ಕೆಂಪು ಗುರುತಿಂದು ಕೊಡ್ರಿ, ಅದು ಜೋರ್ ಇರ್ತದ." ತೊಗರಿ ಹೂವಾಡುವ ಕಾಲಕ್ಕೆ ಕಲಬುರಗಿ, ಬೀದರ, ಯಾದಗಿರಿ ಕಡೆಯ ಗೊಬ್ಬರದ ಅಂಗಡಿಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಕೆಂಪು ಅಂದರೆ ಜೋರು ಎಂಬುದು ಮೆಣಸಿನಕಾಯಿಗೆ ಹೊಂದುವ ಲೆಕ್ಕ. ಹುಳಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಯ ಮೇಲಿನ ಕೆಂಪು ಬಣ್ಣ ಹುಳದ ಸಾವಿನ ಬಗ್ಗೆ ಏನೂ ಹೇಳುವುದಿಲ್ಲ. ಹೊಡೆಯುವವನ ಸಾವಿನ ಬಗ್ಗೆ ಹೇಳುತ್ತದೆ.

ಗುರುತುಗಳ ತಕರಾರೇ ಇದು. ಕಣ್ಣಿಗೆ ಬಿದ್ದ ಕೂಡಲೇ ಅರ್ಥವಾದಂತೆ ಅನಿಸುತ್ತದೆ, ಹಾಗಾಗಿ ಯಾರೂ ಎರಡನೇ ಸಲ ನೋಡುವುದಿಲ್ಲ. ಅದರ ಜೊತೆಗೆ ಇನ್ನೊಂದು ಗೊಂದಲ: ಚೀಲ, ಡಬ್ಬಿ, ಪೊಟ್ಟಣಗಳ ಮೇಲೆ ಕಾಯ್ದೆ ಹಾಕಿಸಿದ ಗುರುತೂ ಇರುತ್ತದೆ, ಕಂಪನಿಯವರು ಅಂದಕ್ಕೆ ಹಾಕಿದ ಚಿತ್ರವೂ ಇರುತ್ತದೆ. ಹಸಿರು ಎಲೆ, ಬಂಗಾರದ ಬಣ್ಣದ ಮುದ್ರೆ, "ಶುದ್ಧ" ಎಂದು ಬರೆದ ರಿಬ್ಬನ್ ಇವೆಲ್ಲ ಎರಡನೇ ಜಾತಿಯವು. ಎರಡನ್ನೂ ಬೇರೆ ಮಾಡಲು ಒಂದು ಸರಳ ದಾರಿಯಿದೆ. ಕಾಯ್ದೆಯ ಗುರುತಿಗೆ ಬಹುಪಾಲು ಒಂದು ನಂಬರೋ ಅಕ್ಷರವೋ ಅಂಟಿಕೊಂಡಿರುತ್ತದೆ, ಆಕಾರ ಮತ್ತು ಬಣ್ಣ ಎಲ್ಲ ಕಂಪನಿಗಳಲ್ಲೂ ಒಂದೇ ಇರುತ್ತದೆ. ಅಂದದ ಚಿತ್ರಕ್ಕೆ ಇವೆರಡೂ ಇರುವುದಿಲ್ಲ. ಮೊದಲು ಆಕಾರ, ಆಮೇಲೆ ಬಣ್ಣ, ಕೊನೆಗೆ ನಂಬರು. ಈ ಕ್ರಮದಲ್ಲಿ ನೋಡುತ್ತ ಹೊಲದಿಂದ ಮನೆಗೆ, ಮನೆಯಿಂದ ರಸ್ತೆಗೆ, ಕೊನೆಗೆ ತಹಶೀಲ್ದಾರ್ ಕಚೇರಿಗೆ ಹೋಗೋಣ.

ಎಣ್ಣೆ ಡಬ್ಬಿ

ಪ್ರತಿ ಕೀಟನಾಶಕದ ಲೇಬಲಿನ ಮೇಲೆ ಮೂಲೆ ಮೇಲೆ ಮಾಡಿ ನಿಲ್ಲಿಸಿದ ಚೌಕ ಇರುತ್ತದೆ, ಸಕ್ಕರೆ ಬರ್ಫಿಯ ಆಕಾರ. ಅದು ಅಡ್ಡಕ್ಕೆ ಎರಡು ತ್ರಿಕೋನಗಳಾಗಿ ಒಡೆದಿರುತ್ತದೆ. ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಪದ ಅಥವಾ ತಲೆಬುರುಡೆ, ಕೆಳಗಿನ ಅರ್ಧದಲ್ಲಿ ಬಣ್ಣ. 1971ರ ಕೀಟನಾಶಕ ನಿಯಮಗಳು ಇದನ್ನು ಕಡ್ಡಾಯ ಮಾಡಿವೆ. ಓದಲು ಬಾರದ ಕೂಲಿಯವನಿಗೂ ತಿಳಿಯಲಿ ಎಂದೇ ಬಣ್ಣ ಇಟ್ಟದ್ದು.

ಕೆಂಪು ಅಂದರೆ ಅತ್ಯಂತ ವಿಷ: ತಲೆಬುರುಡೆ, ಅಡ್ಡ ಎಲುಬು, "ಪಾಯ್ಸನ್" ಎಂಬ ಪದ. ಹಳದಿ ಅಂದರೆ ಹೆಚ್ಚು ವಿಷ. ಬುರುಡೆ ಇರುವುದಿಲ್ಲ, "ಪಾಯ್ಸನ್" ಮಾತ್ರ. ನೀಲಿಗೆ "ಡೇಂಜರ್", ಹಸಿರಿಗೆ "ಕಾಶನ್". ಇದರ ಹಿಂದಿನ ಅಳತೆ ಎಲ್‌ಡಿ-50. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ಅವುಗಳ ಒಂದು ಕೆಜಿ ತೂಕಕ್ಕೆ ಎಷ್ಟು ಮಿಲಿಗ್ರಾಂ ವಿಷ ಹೊಟ್ಟೆಗೆ ಹೋಗಬೇಕು ಎಂಬ ಲೆಕ್ಕ. ಕೆಂಪಿಗೆ 1ರಿಂದ 50 ಮಿಲಿಗ್ರಾಂ ಸಾಕು. ಹಳದಿಗೆ 51ರಿಂದ 500, ನೀಲಿಗೆ 501ರಿಂದ 5000, ಹಸಿರಿಗೆ 5000ಕ್ಕೂ ಮೇಲೆ. ಇಡೀ ಲೆಕ್ಕದಲ್ಲಿ ಕಾಯಿಕೊರಕದ ಹೆಸರೇ ಇಲ್ಲ ಎಂಬುದನ್ನು ಗಮನಿಸಿ. ಹಸಿರು ಗುರುತಿನ ಎಣ್ಣೆ ಕಾಯಿಕೊರಕವನ್ನು ಚೆನ್ನಾಗಿ ಕೊಲ್ಲಬಹುದು, ಕೆಂಪು ಗುರುತಿನದು ಅದೇ ಹುಳದ ಮುಂದೆ ಸೋಲಬಹುದು.

ಹಸಿರಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಹಸಿರು ಅಂದರೆ ಸಾವಯವ ಅಲ್ಲ. ಬೇವಿನ ಎಣ್ಣೆಯ ತಯಾರಿಕೆಗೂ ಹಸಿರೇ, ಮ್ಯಾಂಕೋಜೆಬ್ ಎಂಬ ರಾಸಾಯನಿಕ ಶಿಲೀಂಧ್ರನಾಶಕಕ್ಕೂ ಹಸಿರೇ. ಬಣ್ಣ ಹೇಳುವುದು ಮನುಷ್ಯನಿಗೆ ಒಮ್ಮೆಗೇ ಆಗುವ ವಿಷದ ಮಾತು ಅಷ್ಟೇ. ಜೇನುನೊಣಕ್ಕೆ, ಹಳ್ಳದ ಮೀನಿಗೆ ಏನಾಗುತ್ತದೆ ಎಂಬುದು ಬಣ್ಣದಲ್ಲಿಲ್ಲ, ಡಬ್ಬಿಯೊಳಗಿನ ಮಡಿಚಿದ ಚೀಟಿಯಲ್ಲಿದೆ. ತೊಗರಿ ಹೂವಿನ ಮೇಲೆ ಜೇನು ಕೂತಿರುವಾಗ ಆ ಚೀಟಿ ಓದದೆ ಹೊಡೆಯಬಾರದು. ಬೆಳಗಿನ ಹೊತ್ತು ಬಿಟ್ಟು ಸಂಜೆ ಹೊಡೆದರೆ ಜೇನಿಗೆ ತಾಗುವುದು ಎಷ್ಟೋ ಕಡಿಮೆ.

ಬಣ್ಣದ ನಂತರ ನೋಡಬೇಕಾದದ್ದು ಹೆಸರಿನ ಮುಂದಿನ ಅಂಕಿ ಮತ್ತು ಎರಡು ಅಕ್ಷರ. ನಿಜವಾದ ದುಡ್ಡು ಕಳೆಯುವುದು ಇಲ್ಲಿಯೇ. ಕ್ಲೋರೋಪೈರಿಫಾಸ್ 20 ಇಸಿ ಎಂದರೆ ಶೇ. 20 ಮೂಲ ವಿಷ. ಅದೇ 50 ಇಸಿ ಎಂದರೆ ಶೇ. 50. ಹೆಸರು ಒಂದೇ, ಬಲ ಎರಡೂವರೆ ಪಟ್ಟು. ಹೋದ ವರ್ಷ ಲೀಟರಿಗೆ ಎರಡು ಮಿಲಿ ಹಾಕಿದ್ದೆ ಎಂದು ಈ ವರ್ಷ ಬೇರೆ ಡಬ್ಬಿಯದನ್ನೂ ಅಷ್ಟೇ ಹಾಕಿದರೆ ಎಲೆ ಸುಡುತ್ತದೆ. ತಿರುವು ಮುರುವಾದರೆ ಹುಳ ಸಾಯುವುದಿಲ್ಲ, ಬೈಗುಳ ಅಂಗಡಿಯವನಿಗೆ. ಅಕ್ಷರಗಳು ಎಣ್ಣೆ ಯಾವ ರೂಪದಲ್ಲಿದೆ ಎಂದು ಹೇಳುತ್ತವೆ: ಇಸಿ ನೀರಿಗೆ ಹಾಕಿದರೆ ಹಾಲಿನಂತೆ ಆಗುವ ದ್ರವ, ಎಸ್‌ಸಿ ಗಟ್ಟಿ ತೇಲುದ್ರವ, ಎಸ್‌ಎಲ್ ನೀರಲ್ಲಿ ಪೂರ್ತಿ ಕರಗುವ ದ್ರವ, ಡಬ್ಲ್ಯುಪಿ ನೀರಲ್ಲಿ ನೆನೆಯುವ ಪುಡಿ, ಡಬ್ಲ್ಯುಜಿ ಕಾಳು, ಎಫ್‌ಎಸ್ ಬೀಜಕ್ಕೆ ಹಚ್ಚುವುದು.

ಹೊಡೆಯುವ ಮುಂಚೆ ಹೀಗೆ ಮಾಡಿ:

1. ಬಣ್ಣ ನೋಡಿ. ಕೆಂಪು ಅಥವಾ ಹಳದಿಯಾದರೆ ಕೈಗವಸು, ಮುಖಕ್ಕೆ ಮಾಸ್ಕ್, ಮೈ ಮುಚ್ಚುವ ಅಂಗಿ ಇಲ್ಲದೆ ಮುಚ್ಚಳ ತೆಗೆಯಬೇಡಿ. ನೀರಿಗೆ ಬೆರೆಸುವ ಗಳಿಗೆಯೇ ಹೆಚ್ಚು ಅಪಾಯ, ಏಕೆಂದರೆ ಆಗ ಕೈಯಲ್ಲಿರುವುದು ಗಟ್ಟಿ ವಿಷ.

2. ಶೇಕಡಾ ಅಂಕಿ ನೋಡಿ, ಲೇಬಲಿನ ಪ್ರಮಾಣವನ್ನು ನಿಮ್ಮ ಟ್ಯಾಂಕಿಗೆ ಲೆಕ್ಕ ಹಾಕಿ. ಲೀಟರಿಗೆ 2 ಮಿಲಿ ಎಂದರೆ 15 ಲೀಟರಿನ ಬೆನ್ನಿನ ಪಂಪಿಗೆ 30 ಮಿಲಿ. ಮುಚ್ಚಳದ ಅಳತೆ ನಂಬಬೇಡಿ. ಒಂದೊಂದು ಕಂಪನಿಯ ಮುಚ್ಚಳ ಒಂದೊಂದು ಗಾತ್ರ. ಅಳತೆ ಗೆರೆಯ ಸಣ್ಣ ಲೋಟ ಇಟ್ಟುಕೊಳ್ಳಿ.

3. ಎರಡು ಔಷಧ ಒಟ್ಟಿಗೆ ಹೊಡೆಯಬಹುದು ಎಂದು ಲೇಬಲ್ ಒಪ್ಪಿದರೆ ಮಾತ್ರ ಬೆರೆಸಿ. ಅರ್ಧ ಟ್ಯಾಂಕು ನೀರಿಗೆ ಮೊದಲು ಪುಡಿ ಮತ್ತು ಕಾಳು, ಆಮೇಲೆ ಎಸ್‌ಸಿ, ಆಮೇಲೆ ಇಸಿ, ಕೊನೆಗೆ ಎಸ್‌ಎಲ್. ಕ್ರಮ ತಪ್ಪಿದರೆ ಪುಡಿ ಮೊಸರಿನಂತೆ ಒಡೆದು ನಳಿಗೆ ಕಟ್ಟುತ್ತದೆ.

4. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬ ಅಂಕಿ ಲೇಬಲ್ ಅಥವಾ ಚೀಟಿಯಲ್ಲಿ ಇರುತ್ತದೆ. ತೊಗರಿಗಿಂತ ತರಕಾರಿಗೆ ಇದು ಮುಖ್ಯ; ಬದನೆಕಾಯಿ ಇವತ್ತು ಹರಿದು ನಾಳೆ ಸಂತೆಗೆ ಹೋಗುತ್ತದೆ.

5. ಯಾರಿಗಾದರೂ ತಲೆ ತಿರುಗಿ, ವಾಂತಿ, ಜೊಲ್ಲು ಶುರುವಾದರೆ ಡಬ್ಬಿಯನ್ನೇ ದವಾಖಾನೆಗೆ ಒಯ್ಯಿರಿ. "ಬಿಳಿ ಡಬ್ಬಿ, ಕೆಂಪು ಮುಚ್ಚಳ" ಎಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಮೂಲ ರಾಸಾಯನಿಕದ ಹೆಸರು ಮತ್ತು ಪ್ರತಿವಿಷದ ಸಾಲು ಲೇಬಲಿನಲ್ಲಿದೆ. ಇದೇ ಕಾರಣಕ್ಕೆ ಉಳಿದ ಎಣ್ಣೆಯನ್ನು ಸಾರಾಯಿ ಬಾಟಲಿಗೋ ನೀರಿನ ಬಾಟಲಿಗೋ ಸುರಿದಿಡಬಾರದು.

ಬೀಜದ ಚೀಟಿ, ಗೊಬ್ಬರದ ಅಂಕಿ

ಬೀಜದ ಚೀಲದ ಬಾಯಿಗೆ ಹೊಲಿದ ಚೀಟಿಯ ಬಣ್ಣದಲ್ಲಿ ನಾಲ್ಕು ಮೆಟ್ಟಿಲಿದೆ. ಬಂಗಾರದ ಹಳದಿ ತಳಿವರ್ಧಕ ಬೀಜ, ಬಿಳಿ ಮೂಲ ಬೀಜ, ಆಕಾಶನೀಲಿ ಪ್ರಮಾಣಿತ ಬೀಜ, ತಿಳಿಹಸಿರು ಉತ್ಪಾದಕರು ತಾವೇ ಬರೆದುಕೊಟ್ಟ ನಿಜಚೀಟಿ. ಮೊದಲೆರಡು ಬೀಜೋತ್ಪಾದಕರಿಗೆ, ಸಾಮಾನ್ಯ ರೈತನ ಕೈಗೆ ಬರುವುದು ನೀಲಿ ಮತ್ತು ಹಸಿರು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿಯ ಜೊತೆ ಉತ್ಪಾದಕರ ಹಸಿರು ಚೀಟಿಯೂ ಇರುತ್ತದೆ. ಹಸಿರು ಒಂದೇ ಇದ್ದರೆ, ಹೊಲದಲ್ಲಿ ಬೀಜ ಪ್ರಮಾಣನ ಸಂಸ್ಥೆಯ ತಪಾಸಣೆ ಆಗಿಲ್ಲ, ಮಾರುವವರ ಮಾತೇ ಆಧಾರ ಎಂದು ತಿಳಿಯಿರಿ. ಅದು ಕೆಟ್ಟ ಬೀಜ ಎಂದಲ್ಲ, ಹೊಣೆ ಯಾರದು ಎಂಬುದಷ್ಟೇ ಬೇರೆ.

ಟಿಎಸ್-3ಆರ್, ಜಿಆರ್‌ಜಿ-811 ಇವು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂದ ತೊಗರಿ ತಳಿಗಳು. ಚೀಟಿಯ ಮೇಲೆ ತಳಿಯ ಹೆಸರು ಹೀಗೇ ಅಚ್ಚಾಗಿರಬೇಕು. ಅಂಗಡಿಯವರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತೊಗರಿ ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಶೇ. 75. ಬಿತ್ತುವ ವಾರ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಐದಾರು ದಿನ ಇಡಿ. ಅರವತ್ತೇ ಮೊಳೆತರೆ ಚೀಲ ವಾಪಸ್ ಒಯ್ಯಲು ಇನ್ನೂ ಸಮಯವಿರುತ್ತದೆ. ಚೀಟಿ, ಚೀಲ, ಪಾವತಿ ಮೂರನ್ನೂ ರಾಶಿ ಮುಗಿಯುವ ತನಕ ಎಸೆಯಬೇಡಿ. ಲಾಟ್ ನಂಬರಿಲ್ಲದ ದೂರಿಗೆ ಕೃಷಿ ಇಲಾಖೆಯಲ್ಲಿ ಕಾಲು ಮೂಡುವುದಿಲ್ಲ. ಬಣ್ಣ ಹಚ್ಚಿದ ಬೀಜ ಉಳಿಯಿತೆಂದು ಬೇಳೆ ಮಾಡಿಸುವುದೂ ಬೇಡ, ದನಕ್ಕೆ ಹಾಕುವುದೂ ಬೇಡ. ಆ ಬಣ್ಣವೇ ಅದಕ್ಕೆ ವಿಷ ಹಚ್ಚಿದೆ ಎಂಬ ಗುರುತು.

ಗೊಬ್ಬರದ ಚೀಲಗಳು 2022ರಿಂದ "ಭಾರತ್" ಎಂಬ ಒಂದೇ ಹೆಸರಲ್ಲಿ ಬರತೊಡಗಿದ ಮೇಲೆ ಚೀಲದ ಬಣ್ಣ ನೋಡಿ ಗುರುತಿಸುವ ಹಳೆಯ ಅಭ್ಯಾಸ ಕೆಲಸಕ್ಕೆ ಬಾರದಾಗಿದೆ. ಅಂಕಿಯನ್ನೇ ಓದಬೇಕು. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್, ನಾಲ್ಕನೆಯದಿದ್ದರೆ ಗಂಧಕ, ಎಲ್ಲವೂ ಶೇಕಡಾ. ಡಿಎಪಿ 18-46-0, 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಮಳೆಯಾಶ್ರಿತ ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕೆಜಿ ಸಾರಜನಕ, 50 ಕೆಜಿ ರಂಜಕ, ಅಂದರೆ ಎಕರೆಗೆ 10 ಮತ್ತು 20. ಒಂದು ಚೀಲ ಡಿಎಪಿ ಬಹುಮಟ್ಟಿಗೆ ಅದನ್ನು ಮುಗಿಸುತ್ತದೆ. ಡಿಎಪಿ ಸಿಗಲಿಲ್ಲ ಎಂದು 20-20-0-13 ತಂದರೆ ಚೀಲದಲ್ಲಿ ರಂಜಕ 10 ಕೆಜಿ ಮಾತ್ರ. ಒಂದಕ್ಕೆ ಎರಡು ಚೀಲ ಬೇಕು, ಸಾರಜನಕ ಹೆಚ್ಚಾಗುತ್ತದೆ, ಬದಲಿಗೆ ಗಂಧಕ ಸಿಗುತ್ತದೆ. ಇದು ನಷ್ಟವೋ ಲಾಭವೋ ನಿಮ್ಮ ಮಣ್ಣಿನ ಪರೀಕ್ಷೆ ಹೇಳಬೇಕು, ಅಂಗಡಿಯವರಲ್ಲ.

ಪಂಪಿನ ಮೂರು ದೀಪ

ಮೂರು ಫೇಸಿನ ಸ್ಟಾರ್ಟರ್ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ದೀಪ ಇರುತ್ತವೆ. ಮೂರೂ ಸಮನಾಗಿ ಉರಿದರೆ ಮಾತ್ರ ಹಸಿರು ಗುಂಡಿ ಒತ್ತಿ. ಒಂದು ಆರಿದ್ದರೆ ಅಥವಾ ಮಂಕಾಗಿದ್ದರೆ ಒಂದು ಫೇಸ್ ಹೋಗಿದೆ. ಮೋಟಾರು ಗುರ್ ಎಂದು ನಿಂತು, ಉಳಿದ ಎರಡು ಫೇಸಿನಿಂದ ಹೆಚ್ಚು ಕರೆಂಟ್ ಎಳೆದು, ನಿಮಿಷಗಳಲ್ಲಿ ವೈಂಡಿಂಗ್ ಸುಡುತ್ತದೆ. ದೀಪ ಸುಟ್ಟಿದೆಯೋ ಫೇಸ್ ಹೋಗಿದೆಯೋ ಎಂಬ ಅನುಮಾನ ಬಂದರೆ ಫೇಸ್ ಹೋಗಿದೆ ಎಂದೇ ಹಿಡಿಯಿರಿ. ಕರೆಂಟ್ ಹೆಚ್ಚಾದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇಯ ಮೇಲಿನ ತಿರುಪು ಮೋಟಾರಿನ ತಗಡಿನ ಮೇಲೆ ಕೊರೆದ ಆಂಪಿಯರ್ ಅಂಕಿಗೆ ಸರಿಯಾಗಿರಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸುವುದು ಜ್ವರಕ್ಕೆ ಥರ್ಮಾಮೀಟರು ಒಡೆದಂತೆ.

ಹೊಸದಾಗಿ ಇಳಿಸಿದ ಪಂಪ್ ತಿರುಗುತ್ತಿದೆ, ನೀರು ಮಾತ್ರ ಸಣ್ಣ ಧಾರೆ ಎಂದರೆ ಅದು ಉಲ್ಟಾ ತಿರುಗುತ್ತಿರಬಹುದು. ಮೇನ್ ಆಫ್ ಮಾಡಿ ಮೂರು ತಂತಿಯಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿಸಿದರೆ ಸರಿ ದಿಕ್ಕಿಗೆ ಬರುತ್ತದೆ. ಮನೆಯಲ್ಲಿ ಹಸಿರು ಅಥವಾ ಹಸಿರು-ಹಳದಿ ತಂತಿ ಅರ್ಥಿಂಗ್; ಅಡ್ಡ ಗೆರೆ ಮೂರು ಒಂದರ ಕೆಳಗೊಂದು ಸಣ್ಣಗಾಗುವ ಚಿತ್ರವೂ ಅದೇ. ಒಂದು ಚೌಕದೊಳಗೆ ಇನ್ನೊಂದು ಚೌಕ ಇರುವ ಸಾಮಾನಿಗೆ ಎರಡು ಪದರದ ರಕ್ಷಣೆ ಇರುತ್ತದೆ, ಹಾಗಾಗಿ ಅದಕ್ಕೆ ಎರಡೇ ಪಿನ್ನಿನ ಪ್ಲಗ್. ಆ ಗುರುತಿಲ್ಲದ ಸಾಮಾನಿನ ಮೂರನೇ ಪಿನ್ನು ಮುರಿದು ಚುಚ್ಚುವುದು ಅಪಾಯ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ, ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರು ದೂರದಿಂದ ಕಂಡರೆ ಅದನ್ನೂ ಹೇಳಿ. ಲೈನ್‌ಮನ್ ಬೇಗ ಮುಟ್ಟುತ್ತಾರೆ.

ಅಡುಗೆಮನೆ

ಗ್ಯಾಸ್ ಸಿಲಿಂಡರಿನ ಕೊರಳಿಗೆ ಹಿಡಿಕೆಯ ಬಳೆಯನ್ನು ಹಿಡಿದಿಟ್ಟ ಮೂರು ಪಟ್ಟಿಗಳಿರುತ್ತವೆ. ಅವುಗಳ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. "ಬಿ-28" ಎಂದಿದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು. ಇದು ಗ್ಯಾಸಿನ ಅವಧಿ ಅಲ್ಲ, ಉಕ್ಕಿನ ಕೊಡದ ಅವಧಿ. ಗಡುವು ಮೀರಿದ್ದನ್ನು ತಂದವರಿಗೇ ಬಾಗಿಲಲ್ಲಿ ವಾಪಸ್ ಕೊಡಿ. ಇನ್ನೊಂದು ಪಟ್ಟಿಯ ಮೇಲೆ ಖಾಲಿ ಸಿಲಿಂಡರಿನ ತೂಕ ಕೊರೆದಿರುತ್ತದೆ. ಅದು 15.8 ಕೆಜಿ ಇದ್ದರೆ ತುಂಬಿದ್ದು 30 ಕೆಜಿ ತೂಗಬೇಕು, ಏಕೆಂದರೆ ಒಳಗೆ 14.2 ಕೆಜಿ ಗ್ಯಾಸ್. ತಂದವರ ಬಳಿ ತೂಕದ ಕಾಂಟಾ ಕೇಳುವುದು ಮುಜುಗರದ ವಿಷಯವೇನಲ್ಲ. ಸೋರುತ್ತಿದ್ದರೆ 1906.

ಪೊಟ್ಟಣದ ಆಹಾರದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಸಸ್ಯಾಹಾರ ಎಂದು ಎಲ್ಲರಿಗೂ ಗೊತ್ತು. ಮಾಂಸಾಹಾರದ ಕಂದು ಚುಕ್ಕೆ ಈಗ ಕಂದು ತ್ರಿಕೋನವಾಗಿದೆ. ಬಣ್ಣ ಬೇರೆ ಮಾಡಿ ಕಾಣದವರಿಗೆ ಆಕಾರದಿಂದಲಾದರೂ ತಿಳಿಯಲಿ ಎಂದು. ಮೊಟ್ಟೆ ಇದ್ದರೂ ತ್ರಿಕೋನ ಬರುತ್ತದೆ, ಹಾಲಿನ ಪದಾರ್ಥಕ್ಕೆ ಹಸಿರು. ಹೆಚ್ಚಿನವರ ಕಣ್ಣು ತಪ್ಪಿಸುವ ಗುರುತು ಇನ್ನೊಂದಿದೆ: ಚೌಕದೊಳಗೆ ಕಪ್ಪು ಗುಣಿಸು ಚಿಹ್ನೆ. ಇದು ತಿನ್ನುವಂಥದ್ದಲ್ಲ. ಪೂಜೆಗೆಂದು ಮಾರುವ ಅಗ್ಗದ ದೀಪದೆಣ್ಣೆ, ದೀಪದ ತುಪ್ಪದ ಡಬ್ಬಿ ಮೇಲೆ ಇದನ್ನು ಹುಡುಕಿ. ಶ್ರಾವಣದಲ್ಲಿ ಅದೇ ಡಬ್ಬಿ ಕಿರಾಣಿ ಅಂಗಡಿಯಲ್ಲಿ ತಿನ್ನುವ ಎಣ್ಣೆಯ ಪಕ್ಕದಲ್ಲೇ ಕೂತಿರುತ್ತದೆ, ಡಬ್ಬಿಯ ಚಿತ್ರವೂ ಒಂದೇ ತರಹ. ಪೊಟ್ಟಣದ ಮೇಲಿನ ಎಫ್‌ಎಸ್‌ಎಸ್‌ಎಐ ಮುದ್ರೆಯ ಜೊತೆಗಿನ ಆಹಾರ ಪರವಾನಗಿ ನಂಬರು 14 ಅಂಕಿಯದು. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದಾದರೆ ಸಣ್ಣ ಉದ್ದಿಮೆಯ ನೋಂದಣಿ. 14 ಅಂಕಿ ಇಲ್ಲದಿದ್ದರೆ ಆ ಮುದ್ರೆ ಬರೀ ಚಿತ್ರ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು; ಬೀದರಿನ ಬಿದ್ರಿ ಕೆಲಸಕ್ಕೆ ಅದಕ್ಕಿಂತ ಮೊದಲೇ ಇತ್ತು. ಜಿಐ ಗುರುತು ಹೇಳುವುದು ಸಾಮಾನು ಎಲ್ಲಿಯದು ಎಂದು. ಈ ಚೀಲದ ಬೇಳೆ ಹೊಸದೋ ಹಳೆಯದೋ, ಪಾಲಿಶ್ ಆಗಿದೆಯೋ ಎಂಬುದನ್ನು ಅದು ಹೇಳುವುದಿಲ್ಲ. ದರ್ಜೆ ಬೇಕಾದರೆ ಆಗ್ಮಾರ್ಕ್ ನೋಡಬೇಕು.

ಗುಳಿಗೆಯ ಹಾಳೆ

ಹಾಳೆಯ ಎಡಬದಿಗೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ನುಂಗುವ ಗುಳಿಗೆ ಅಲ್ಲ. ಆಂಟಿಬಯೋಟಿಕ್‌ಗಳು ಹೆಚ್ಚಾಗಿ ಇದರಲ್ಲೇ ಬರುತ್ತವೆ. "ಹೋದ ಸಲ ಇದೇ ಕೊಟ್ಟಿದ್ದರು" ಎಂದು ಎರಡು ಗುಳಿಗೆ ನುಂಗಿ ಜ್ವರ ಇಳಿದ ಕೂಡಲೇ ಬಿಡುವುದರಿಂದ ರೋಗಾಣು ಪೂರ್ತಿ ಸಾಯದೆ ಆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಆರ್‌ಎಕ್ಸ್ ಎಂದರೆ ಚೀಟಿ ಬೇಕು. ಎನ್‌ಆರ್‌ಎಕ್ಸ್ ಎಂದರೆ ನಿದ್ದೆ, ಮನಸ್ಸಿನ ಕಾಯಿಲೆಗಳ ಬಿಗಿ ನಿಯಂತ್ರಣದ ಔಷಧ. ಎಕ್ಸ್‌ಆರ್‌ಎಕ್ಸ್ ಅದಕ್ಕೂ ಬಿಗಿ. ಅವಧಿ "08/2027" ಎಂದಿದ್ದರೆ ಆಗಸ್ಟ್ 31ರವರೆಗೆ ನಡೆಯುತ್ತದೆ, 1ಕ್ಕೆ ಮುಗಿಯುವುದಿಲ್ಲ. ಅಂಗಡಿಯಲ್ಲಿ ಅರ್ಧ ಹಾಳೆ ಕತ್ತರಿಸಿ ಕೊಡುವಾಗ ಅವಧಿ ಮತ್ತು ಬ್ಯಾಚ್ ನಂಬರು ಯಾವ ಅರ್ಧದಲ್ಲಿ ಉಳಿಯಿತು ಎಂದು ನೋಡಿ, ಆ ಅರ್ಧವನ್ನೇ ಕೇಳಿ.

ಬಂಗಾರ, ಸಿಮೆಂಟ್, ತಂತಿ

ಬಂಗಾರದ ಹಾಲ್‌ಮಾರ್ಕ್‌ನಲ್ಲಿ ಈಗ ಮೂರೇ ಗುರುತು: ಬಿಐಎಸ್ ಎಂಬ ಸರ್ಕಾರಿ ಮಾನಕ ಸಂಸ್ಥೆಯ ತ್ರಿಕೋನ, ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. 22ಕೆ916 ಎಂದರೆ ಸಾವಿರ ಭಾಗದಲ್ಲಿ 916 ಬಂಗಾರ, 18ಕೆ750 ಎಂದರೆ 750. 916 ಒಂದೇ ಕೊರೆದಿದ್ದರೆ ಅದು ಹಾಲ್‌ಮಾರ್ಕ್ ಅಲ್ಲ, ಯಾರ ಉಳಿಯೂ 916 ಕೊರೆಯಬಲ್ಲದು. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು ಎಚ್‌ಯುಐಡಿ ಹಾಕಿ. ಒಡವೆಯ ಬಗೆ, ಶುದ್ಧತೆ, ಪರೀಕ್ಷಿಸಿದ ಕೇಂದ್ರ ಬರಬೇಕು. ಕೈಯಲ್ಲಿರುವುದು ಬಳೆ, ಆ್ಯಪ್‌ನಲ್ಲಿ ಉಂಗುರ ಬಂದರೆ ನಂಬರು ಕದ್ದದ್ದು. ಇದನ್ನು ದುಡ್ಡು ಕೊಡುವ ಮುಂಚೆ ಸರಾಫನ ಮುಂದೆಯೇ ಮಾಡಿ.

ಐಎಸ್‌ಐಗೂ ಇದೇ ಲೆಕ್ಕ. ಮುದ್ರೆಯ ಮೇಲೆ ಐಎಸ್ ನಂಬರು, ಕೆಳಗೆ ಸಿಎಂ/ಎಲ್ ನಂಬರು ಎರಡೂ ಇರಬೇಕು. ಮನೆ ವೈರಿಗೆ ಐಎಸ್ 694, ಬೈಕಿನ ಹೆಲ್ಮೆಟ್‌ಗೆ 4151, ಕಬ್ಬಿಣದ ಸರಳಿಗೆ 1786. ಬೈಕಿನ ಹೆಲ್ಮೆಟ್ಟಿನ ಮೇಲೆ ಬೇರೆ ಐಎಸ್ ನಂಬರಿದ್ದರೆ ಮುದ್ರೆ ಎಲ್ಲಿಂದಲೋ ಎತ್ತಿ ಹಾಕಿದ್ದು.

ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ಕಣ್ಣೆದುರೇ ಇದ್ದರೂ ಚೀಲ ಓದುವವರು ಕಡಿಮೆ. ಒಪಿಸಿ ಅಂದರೆ ಸಾದಾ ಸಿಮೆಂಟ್; ಒಪಿಸಿ 43, ಒಪಿಸಿ 53 ಎಂಬಲ್ಲಿನ ಅಂಕಿ 28 ದಿನಕ್ಕೆ ತಲುಪಬೇಕಾದ ಬಲ. ಪಿಪಿಸಿಯಲ್ಲಿ ಹಾರುಬೂದಿ ಬೆರೆತಿರುತ್ತದೆ, ಬಲ ನಿಧಾನ ಏರುತ್ತದೆ, ಬಿಸಿ ಕಡಿಮೆ ಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಗೋಡೆ, ಗಿಲಾಯಿಗೆ ಪಿಪಿಸಿಯೇ ವಾಸಿ, ನೀರು ಹೊಡೆಯುವುದು ಮಾತ್ರ ಕೆಲವು ದಿನ ಹೆಚ್ಚು. ಚೀಲದ ಬದಿಗೆ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. 14ನೇ ವಾರ ಅಂದರೆ ಏಪ್ರಿಲ್ ಮೊದಲ ಭಾಗ. ಮೂರು ತಿಂಗಳು ದಾಟಿದ್ದನ್ನು ಛತ್ತಿಗೆ ಹಾಕಬೇಡಿ.

ರಸ್ತೆ

ಕಿಲೋಮೀಟರ್ ಕಲ್ಲಿನ ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕೆಂಪು ಅಂಚಿನ ದುಂಡು ಫಲಕ ಬೇಡ ಎನ್ನುತ್ತದೆ, ನೀಲಿ ದುಂಡು ಹೀಗೇ ಮಾಡು ಎನ್ನುತ್ತದೆ, ಕೆಂಪು ಅಂಚಿನ ತ್ರಿಕೋನ ಮುಂದೆ ಜೋಕೆ ಎನ್ನುತ್ತದೆ. ಇಷ್ಟು ಗೊತ್ತಿದ್ದರೆ ಒಳಗಿನ ಚಿತ್ರ ಅಳಿಸಿಹೋಗಿದ್ದರೂ ನಡೆಯುತ್ತದೆ.

ಹುಮನಾಬಾದ್ ಹೆದ್ದಾರಿಯಲ್ಲಿ ಟ್ಯಾಂಕರುಗಳ ಸಾಲು ನೋಡಿದವರಿಗೆ ಅವುಗಳ ಬೆನ್ನ ಮೇಲಿನ ಫಲಕ ಅಲಂಕಾರದಂತೆ ಕಾಣುತ್ತದೆ. ಅದರಲ್ಲಿರುವ ನಾಲ್ಕು ಅಂಕಿ ಒಳಗಿನ ಪದಾರ್ಥದ ಹೆಸರು: 1203 ಪೆಟ್ರೋಲ್, 1202 ಡೀಸೆಲ್, 1075 ಅಡುಗೆ ಅನಿಲ, 1005 ಅಮೋನಿಯಾ, 1830 ಸಲ್ಫ್ಯೂರಿಕ್ ಆಮ್ಲ. ಅದರ ಮೇಲಿನ ಸಣ್ಣ ಸಂಕೇತದ ಕೊನೆಗೆ ಇಂಗ್ಲಿಷಿನ "ಇ" ಇದ್ದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸಬೇಕಾಗಬಹುದು ಎಂದರ್ಥ. ಪಲ್ಟಿಯಾದ ಟ್ಯಾಂಕರಿನ ಹತ್ತಿರ ಕೊಡ ಹಿಡಿದು ಓಡುವ ಬದಲು, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ದೂರ ನಿಂತು ಆ ನಾಲ್ಕು ಅಂಕಿಯನ್ನು 112ಕ್ಕೆ ಹೇಳಿ.

ಪಹಣಿ

ಕೊನೆಗೆ ನಮ್ಮೂರಲ್ಲಿ ಹೆಚ್ಚು ಜಗಳ ಹುಟ್ಟಿಸುವ ಕಾಗದ. ಪಹಣಿಯಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ಒಂದು ಚುಕ್ಕೆಯದು. 2.20 ಎಂದು ಇದ್ದರೆ ಅದು ಎರಡು ದಶಮಾಂಶ ಎರಡು ಎಕರೆ ಅಲ್ಲ, 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. 40 ಗುಂಟೆಗೆ ಎಕರೆ, 16 ಆಣೆಗೆ ಗುಂಟೆ. 3.10 ಎಂದರೆ ಮೂರೂಕಾಲು. ಶಹರದಿಂದ ಪ್ಲಾಟು ಕೊಳ್ಳಲು ಬಂದವರು ಕ್ಯಾಲ್ಕುಲೇಟರಿಗೆ ನೇರ ಹಾಕಿ ಎಡವುವುದು ಇಲ್ಲಿಯೇ. ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ.

ಸರ್ವೆ ನಂಬರು ಮೂರು ತುಂಡಾಗಿರುತ್ತದೆ: ಸರ್ವೆ, ಸರ್ನೋಕ್ (ಅದರ ಉಪನಂಬರು), ಹಿಸ್ಸಾ (ಪಾಲು). ನಡುವಿನ ಜಾಗದಲ್ಲಿ ನಕ್ಷತ್ರ ಇದ್ದರೆ ಸರ್ನೋಕ್ ಇಲ್ಲ ಎಂದಷ್ಟೇ ಅರ್ಥ. ಏನೋ ತಕರಾರಿದೆ ಎಂದು ಹೆದರಬೇಕಿಲ್ಲ. ಆದರೆ ನಂಬರಿನ ಜೊತೆ "ಪಿ1", "ಪಿ2" ಅಥವಾ "ಪೈಕಿ" ಇದ್ದರೆ ನಿಂತು ಯೋಚಿಸಿ. ಕಾಗದದಲ್ಲಿ ಹೆಸರು ಬೇರೆಯಾಗಿದೆ, ನೆಲದಲ್ಲಿ ಅಳತೆಯಾಗಿ ಪೋಡಿ ಆಗಿಲ್ಲ, ಅಂದರೆ ಪಾಲು ಬೇರೆಯಾಗಿಲ್ಲ ಎಂದು ಅದು ಹೇಳುತ್ತದೆ. ನಿಮಗೆ ತೋರಿಸಿದ ಬದುವೇ ನಿಮ್ಮ ಬದು ಎನ್ನಲು ಆಧಾರವಿಲ್ಲ. ಹೊಲದ ಒಂದು ಭಾಗ ಕೊಳ್ಳುವುದಾದರೆ ಆ ಭಾಗವನ್ನು ಸರ್ವೆಯವರು ಅಳೆದು ಕೊಡುವ 11ಇ ನಕ್ಷೆ ಆದ ಮೇಲೆಯೇ ನೋಂದಣಿ.

ವಿಸ್ತೀರ್ಣದ ಅಂಕಣದಲ್ಲಿ ಖರಾಬು "ಎ", ಖರಾಬು "ಬಿ" ಎಂದು ಎರಡಿವೆ. "ಎ" ಉಳಲು ಬಾರದ ಕಲ್ಲು, ದಿಬ್ಬ; ಕಂದಾಯ ಇಲ್ಲ, ಆದರೆ ಹೊಲದವನದೇ. "ಬಿ" ಹಳ್ಳ, ದಾರಿ, ಸಾರ್ವಜನಿಕ ಬಳಕೆಯದು. ಅದನ್ನು ಯಾರೂ ಮಾರಲಾರರು, ನೀವು ದುಡ್ಡು ಕೊಟ್ಟರೂ ನಿಮ್ಮದಾಗುವುದಿಲ್ಲ. ಒಟ್ಟು 4 ಎಕರೆಯಲ್ಲಿ 20 ಗುಂಟೆ "ಬಿ" ಖರಾಬು ಇದ್ದರೆ ದರ ಮಾತಾಡಬೇಕಾದ್ದು ಮೂರೂವರೆಗೆ.

9ನೇ ಅಂಕಣ ಮಾಲೀಕರ ಹೆಸರು, 10 ಹೊಲ ಅವರಿಗೆ ಹೇಗೆ ಬಂತು ಎಂಬುದು, ಎಂಆರ್ (ಹಕ್ಕು ಬದಲಾವಣೆ, ಮ್ಯುಟೇಶನ್) ನಂಬರಿನೊಂದಿಗೆ. 11 ಋಣ ಮತ್ತು ಇತರ ಹಕ್ಕು, 12 ಯಾರು ಉಳುತ್ತಿದ್ದಾರೆ, ಏನು ಬೆಳೆ. ಮಾಲೀಕರು 9ರಲ್ಲಿ ಒಬ್ಬರು, 12ರಲ್ಲಿ ಇನ್ನೊಬ್ಬರ ಹೆಸರು ವರ್ಷಗಟ್ಟಲೆ ಬಂದಿದ್ದರೆ ಕೇಳದೆ ಬಯಾನಾ ಕೊಡಬೇಡಿ. 11ರಲ್ಲಿ ಬ್ಯಾಂಕಿನ ಹೆಸರಿದ್ದರೆ ಬೋಜಾ ಇದೆ. ಸಾಲ ತೀರಿಸಿದ ಕೂಡಲೇ ಅದು ತಾನಾಗಿ ಅಳಿಯುತ್ತದೆಂದು ಕಾಯಬೇಡಿ. ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ಕೊಟ್ಟು, ಕೆಲವು ದಿನ ಬಿಟ್ಟು ಹೊಸ ಪಹಣಿ ತೆಗೆಸಿ, 11ನೇ ಅಂಕಣ ಖಾಲಿಯಾಗಿದೆಯೇ ಎಂದು ಕಣ್ಣಾರೆ ನೋಡಿ.